ಧರ್ಮ ಕೇಳುವ ಪೌರತ್ವ ಅರ್ಜಿ: ಸಿಎಎ ನಡೆಯುವುದು ಹೀಗೆ

1955ರ ಪೌರತ್ವ ಕಾಯ್ದೆ ಅರ್ಜಿದಾರರ ಧರ್ಮ ಕೇಳುತ್ತಿರಲಿಲ್ಲ. 2019ರ ತಿದ್ದುಪಡಿ, ನಾವೆಲ್ಲ ಸಿಎಎ ಎನ್ನುವ ಕಾಯ್ದೆ, ಧರ್ಮವನ್ನೇ ಅರ್ಹತೆಯಾಗಿಸಿತು. ಅರ್ಜಿ ಹಾಕುವ ನಿಯಮಗಳು ಬಂದದ್ದು 2024ರ ಮಾರ್ಚ್ 11ರಂದು.

ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ ಇದು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದಿದ್ದರೂ ಇವರನ್ನು 'ಅಕ್ರಮ ವಲಸಿಗ'ರೆಂದು ಎಣಿಸುವುದಿಲ್ಲ. ಉಳಿದವರಿಗೆ 11 ವರ್ಷ ಬೇಕಾದ ವಾಸದ ಅವಧಿ ಇವರಿಗೆ 5 ವರ್ಷ.

ಹಾಗಾದರೆ ಅಲ್ಲಿಂದಲೇ ಓಡಿಬಂದ ಅಹ್ಮದಿಯಾ ಪಂಥದ ಮುಸ್ಲಿಮ ಅಥವಾ ನಾಸ್ತಿಕ? ಇಬ್ಬರೂ ಪಟ್ಟಿಯಲ್ಲಿಲ್ಲ. ವೀಸಾ ಇದ್ದು 11 ವರ್ಷ ವಾಸವಿದ್ದರೆ ಹಳೆಯ ದಾರಿಯಲ್ಲಿ ಅರ್ಜಿ ಹಾಕಬಹುದು. ಕಾಗದವಿಲ್ಲದಿದ್ದರೆ ಆ ದಾರಿಯೂ ಇಲ್ಲ. ಜೀವಭಯ ಒಂದೇ, ಕಾನೂನು ಎರಡು. ತಾರತಮ್ಯ ಎಂಬ ತಕರಾರು ಹುಟ್ಟಿದ್ದೇ ಇಲ್ಲಿ. ಇದು ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಗೆ ವಿರುದ್ಧವೆಂದು ಇನ್ನೂರಕ್ಕೂ ಹೆಚ್ಚು ಅರ್ಜಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿವೆ.

ಅರ್ಜಿ ಆನ್‌ಲೈನ್‌ನಲ್ಲೇ, ಗೃಹ ಸಚಿವಾಲಯದ ಪೌರತ್ವ ಪೋರ್ಟಲ್‌ನಲ್ಲಿ. ಎರಡು ಸಂಗತಿ ರುಜುವಾಗಬೇಕು. ಆ ದೇಶದವರೆಂಬುದಕ್ಕೆ ಅಲ್ಲಿನ ಪಾಸ್‌ಪೋರ್ಟ್, ಶಾಲಾ ದಾಖಲೆ, ಜಮೀನಿನ ಪತ್ರ, ಏನೂ ಇಲ್ಲದಿದ್ದರೆ ಅಜ್ಜ-ಮುತ್ತಜ್ಜ ಅಲ್ಲಿನವರೆಂಬ ಕಾಗದ. ಗಡುವಿನೊಳಗೆ ಬಂದಿರಿ ಎಂಬುದಕ್ಕೆ ರೇಷನ್ ಕಾರ್ಡ್, ಕರೆಂಟ್ ಬಿಲ್, ಎಲ್‌ಐಸಿ ಪಾಲಿಸಿಯಂಥವು. ಅವಧಿ ಮುಗಿದ ದಾಖಲೆಯೂ ನಡೆಯುತ್ತದೆ.

ಮೂರನೆಯ ಕಾಗದವೇ ವಿಚಿತ್ರ. ನೀವು ಇಂಥ ಧರ್ಮದವರು, ಈಗಲೂ ಅದೇ ಧರ್ಮದಲ್ಲಿದ್ದೀರಿ ಎಂದು ಸ್ಥಳೀಯವಾಗಿ ಹೆಸರುಳ್ಳ ಸಮುದಾಯ ಸಂಸ್ಥೆಯೊಂದು ಬರೆದುಕೊಡಬೇಕು. ನಂಬಿಕೆಗೂ ಸರ್ಟಿಫಿಕೇಟು! ಜೊತೆಗೆ ನಿಮ್ಮ ನಡತೆಗೆ ಭಾರತೀಯ ಪೌರರೊಬ್ಬರ ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದ ಹೇಳಿಕೆ, ಬೇಕು.

ಡಿಸಿ ಕಚೇರಿಗೆ ಅಲೆಯಬೇಕೇ ಎಂದರೆ, ಇಲ್ಲ. ಜಿಲ್ಲಾ ಸಮಿತಿಯ ಮುಖ್ಯಸ್ಥರು ಅಂಚೆ ಸೂಪರಿಂಟೆಂಡೆಂಟ್. ಅವರ ಮುಂದೆ ಮೂಲ ದಾಖಲೆ ತೋರಿಸಿ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು. ಕೊನೆಯ ತೀರ್ಮಾನ ರಾಜ್ಯ ಮಟ್ಟದ ಸಮಿತಿಯದು. ಅದಕ್ಕೆ ಜನಗಣತಿ ನಿರ್ದೇಶಕರು ಮುಖ್ಯಸ್ಥರು. ಕಾಯ್ದೆಯನ್ನು ವಿರೋಧಿಸಿದ ರಾಜ್ಯಗಳನ್ನು ಬಳಸಿ ಹೋಗುವ ದಾರಿಯಿದು ಎಂದು ನನಗನ್ನಿಸುತ್ತದೆ.

ಖರ್ಚಿನಲ್ಲಿ ಅರ್ಜಿ ಶುಲ್ಕ ದೊಡ್ಡದಲ್ಲ. ಸ್ಟಾಂಪ್ ಪೇಪರ್, ನೋಟರಿ, ಸೈಬರ್ ಸೆಂಟರ್, ದಿನಗೂಲಿ ಬಿಟ್ಟು ಓಡಾಡುವುದು, ದುಡ್ಡು ಹೋಗುವುದು ಇವಕ್ಕೆ.

ನಮ್ಮ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಬಂಗಾಳಿ ಹಿಂದೂ ನಿರಾಶ್ರಿತರಲ್ಲಿ ಕೆಲವರಿಗೆ 2024ರಲ್ಲೇ ಈ ದಾರಿಯಲ್ಲಿ ಪೌರತ್ವ ಸಿಕ್ಕಿತು. ಬೈಲಕುಪ್ಪೆಯ ಟಿಬೆಟನ್ನರು ಬೌದ್ಧರೇ ಆದರೂ ಈ ಕಾಯ್ದೆಗೆ ಸೇರುವುದಿಲ್ಲ, ಅವರ ದೇಶ ಪಟ್ಟಿಯಲ್ಲಿಲ್ಲ. ಆದರೆ ಅವರಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಇದನ್ನು ಎತ್ತಿಹಿಡಿದಿದೆ. ಅಂಥವರಿಗೆ ಪೌರತ್ವದ ಅರ್ಜಿ ಬೇಕಿಲ್ಲ. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಬಹುದು.