ಕುತ್ತಿಗೆ ಶಸ್ತ್ರಚಿಕಿತ್ಸೆ: ನಡಿಗೆ ಬೇಕು, ಹೊರೆ ಬೇಡ

ಕುತ್ತಿಗೆಯ ಸವೆದ ಡಿಸ್ಕ್ ತೆಗೆದು ಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯಾದವರು ತಿಂಗಳುಗಟ್ಟಲೆ ಮಲಗಿರಬೇಕೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಸಾಮಾನ್ಯವಾಗಿ ಮರುದಿನವೇ ವೈದ್ಯರು ಎಬ್ಬಿಸಿ ನಡೆಸುತ್ತಾರೆ. ಮನೆಗೆ ಬಂದ ಮೇಲೆ ಅಂಗಳದಲ್ಲಿ 5-10 ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ನಡೆದು ನಿಧಾನವಾಗಿ ಹೆಚ್ಚಿಸಬೇಕು. ಇದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ.

ಮೂಳೆ ಕೂಡಲು 3 ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಅಲ್ಲಿಯವರೆಗೆ ಹುಲ್ಲಿನ ಹೊರೆ, ಕಬ್ಬಿನ ಕಂತೆ, ನೀರಿನ ಬಿಂದಿಗೆ, ಅಂಗಡಿಯ ಮೂಟೆ ಯಾವುದನ್ನೂ ಹೊರಬಾರದು. ವೈದ್ಯರು ಹೇಳುವವರೆಗೆ ಬೈಕ್ ಬೇಡ. ಬೀಡಿ, ಸಿಗರೇಟು ಮೂಳೆ ಕೂಡುವುದಕ್ಕೆ ಅಡ್ಡಿ. ಕುತ್ತಿಗೆಯ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ತೋರಿಸಿದಂತೆ ಮಾತ್ರ ಮಾಡಬೇಕು.

ಬಸದಿಗೆ ಹೋಗಬಹುದು, ಆದರೆ ನೆಲಕ್ಕೆ ಬಾಗದೆ ನಿಂತೇ ಕೈ ಮುಗಿಯಬೇಕು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಎತ್ತರದ ಕಂಬವನ್ನು ಬುಡದಲ್ಲಿ ನಿಂತು ಕತ್ತೆತ್ತಿ ನೋಡದೆ ದೂರದಿಂದ ನೋಡಬೇಕು. ರಾತ್ರಿ ಊಟ ಬಿಟ್ಟವರು ಮಾತ್ರೆ ಬಿಡಬಾರದು. ವೈದ್ಯರನ್ನು ಕೇಳಿ ಸಮಯ ಹೊಂದಿಸಿಕೊಳ್ಳಬೇಕು.

ಕೈಕಾಲು ಬಲಗುಂದಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಮೂತ್ರದ ಹಿಡಿತ ತಪ್ಪಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಜ್ವರ ಬಂದರೆ, ಗಾಯ ಸೋರಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರಿಗೆ ಮಂಡ್ಯದ ಮಿಮ್ಸ್, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಜಿಲ್ಲೆಯಲ್ಲೇ ಇವೆ.