ಗಾಲಿಯ ಮೇಲಣ ಹಾಕಿ

ಹಾಕಿಯೆಂದೊಡನೆ ನಮ್ಮ ನಾಡಿನವರ ನೆನಪಿಗೆ ಬರುವುದು ವಿಶಾಲವಾದ ಬಯಲು, ತಂಡಕ್ಕೆ ಹನ್ನೊಂದು ಮಂದಿ, ಕೊಡಗಿನ ಆಟಗಾರರು. ಕಾಲಿಗೆ ಗಾಲಿ ಕಟ್ಟಿಕೊಂಡು ಆಡುವ ಹಾಕಿಯೂ ಒಂದುಂಟು. ಅದಕ್ಕೆ ರೋಲರ್ ಹಾಕಿಯೆಂದು ಹೆಸರು. ಯೂರೋಪಿನ ಕೆಲವು ದೊಡ್ಡ ಕ್ಲಬ್ಬುಗಳಲ್ಲಿ ಈ ಆಟವನ್ನೇ ವೃತ್ತಿಯಾಗಿ ಹಿಡಿದು ಸಂಬಳ ಪಡೆಯುವವರಿದ್ದಾರೆ. ಹೆಚ್ಚು ಜನರ ಕಣ್ಣಿಗೆ ಬೀಳದ ಆಟವೊಂದು ಹೀಗೆ ಅನ್ನ ಕೊಡುವುದು ಹೇಗೆಂಬುದು ವಿಚಾರಮಾಡತಕ್ಕ ವಿಷಯ.

ಮೊದಲು ಆಟದ ಪರಿಚಯ. ಅಂಗಣದ ಉದ್ದ 40 ಮೀಟರ್, ಅಗಲ 20 ಮೀಟರ್. ಕಲಾಸಿಪಾಳ್ಯದ ನಿಲ್ದಾಣದಲ್ಲಿ ಮೂರು ದೊಡ್ಡ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಆಗುವ ಉದ್ದಕ್ಕಿಂತ ಇದು ತುಸು ಹೆಚ್ಚು. ನೆಲ ನುಣುಪಾಗಿರಬೇಕು, ಸುತ್ತಲೂ ಸುಮಾರು ಒಂದು ಮೀಟರ್ ಎತ್ತರದ ತಡೆಗೋಡೆ ಇರಬೇಕು. ಗೋಲಿಯೂ ಸೇರಿ ತಂಡಕ್ಕೆ ಐವರು. ಒಂದೊಂದು ಸ್ಕೇಟಿಗೆ ಮುಂದೆ ಎರಡು, ಹಿಂದೆ ಎರಡು ಗಾಲಿಗಳು. ಚೆಂಡು ಗಟ್ಟಿಯಾದದ್ದು, ತೂಕ ಸುಮಾರು 155 ಗ್ರಾಂ. ಚೆಂಡು ಗೋಡೆಗೆ ತಗಲಿ ಮತ್ತೆ ಅಂಗಣಕ್ಕೇ ಬರುವುದರಿಂದ ಆಟಕ್ಕೆ ಬಿಡುವು ಕಡಮೆ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಗಾಲಿಯ ಮೇಲೆಯೇ ಆಗಬೇಕಾದ್ದರಿಂದ ಎಳೆಯ ವಯಸ್ಸಿನ ಅಭ್ಯಾಸ ಇಲ್ಲಿ ಅತ್ಯಗತ್ಯ.

ಈ ಆಟ ಮೊದಲು ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿಂದ ಪೋರ್ಚುಗಲ್, ಸ್ಪೇನ್, ಇಟಲಿಗಳಿಗೆ ಹರಡಿತು. 1951ರಲ್ಲಿ ಬಾರ್ಸೆಲೋನಾದಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಸ್ಪೇನ್ ಮೊದಲ ಬಾರಿ ಗೆದ್ದಿತು. ಅಂದು ಈ ಆಟಕ್ಕಾಗಿ ದುಡಿದವರಲ್ಲಿ ಒಬ್ಬರಾದ ಹ್ವಾನ್ ಅಂತೋನಿಯೊ ಸಮರಾಂಚ್ 1980ರಲ್ಲಿ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾದರು. 1992ರ ಬಾರ್ಸೆಲೋನಾ ಒಲಿಂಪಿಕ್ಸಿನಲ್ಲಿ ರೋಲರ್ ಹಾಕಿ ಪ್ರದರ್ಶನದ ಆಟವಾಗಿ ಕಾಣಿಸಿಕೊಂಡಿತು, ಗೆದ್ದದ್ದು ಅರ್ಜೆಂಟೀನಾ. ಆಮೇಲೆ ಅದಕ್ಕೆ ಒಲಿಂಪಿಕ್ಸಿನಲ್ಲಿ ಸ್ಥಾನ ದೊರೆಯಲಿಲ್ಲ.

ಅದೇ ನಗರದ ಎಫ್.ಸಿ. ಬಾರ್ಸೆಲೋನಾ ಕ್ಲಬ್ಬು ಹುಟ್ಟಿದ್ದು 1899ರಲ್ಲಿ, ಫುಟ್‌ಬಾಲಿಗಾಗಿ. 1942ರಲ್ಲಿ ಅಲ್ಲಿ ರೋಲರ್ ಹಾಕಿಯ ವಿಭಾಗ ಆರಂಭವಾಯಿತು. ಈ ತಂಡ 1973ರಲ್ಲಿ ಮೊದಲ ಬಾರಿಗೆ ಯೂರೋಪಿನ ಕಪ್ಪನ್ನು ಗೆದ್ದು, 1978ರಿಂದ 1985ರವರೆಗೆ ಎಂಟು ವರ್ಷ ಒಂದೇ ಸಮನೆ ಅದನ್ನು ಉಳಿಸಿಕೊಂಡಿತು. 2018ರ ಹೊತ್ತಿಗೆ ಒಟ್ಟು ಗೆಲುವುಗಳು 22. ಕ್ಲಬ್ಬಿನ ಒಡೆಯರು ಅದರ ಸದಸ್ಯರೇ. ಅಧ್ಯಕ್ಷರನ್ನು ಆರಿಸುವವರೂ ಅವರೇ. ಫುಟ್‌ಬಾಲು ತರುವ ಹಣದಲ್ಲಿ ಬಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ರೋಲರ್ ಹಾಕಿಗಳ ನಿರ್ವಾಹವೂ ನಡೆಯುತ್ತದೆ. ಅವಿಭಕ್ತ ಕುಟುಂಬದಲ್ಲಿ ಹೆಚ್ಚು ಗಳಿಸುವ ಅಣ್ಣ ಮಿಕ್ಕವರನ್ನು ಸಲಹುವಂತೆ ಈ ಏರ್ಪಾಡು.

ಆದರೆ ಅಣ್ಣನಿಗೆ ಕಷ್ಟ ಬಂದರೆ ತಮ್ಮಂದಿರ ಪಾಡೇನು? ಇದೇ ಕ್ಲಬ್ಬು 2011ರಲ್ಲಿ ತನ್ನ ಬೇಸ್‌ಬಾಲ್ ವಿಭಾಗವನ್ನು ಮುಚ್ಚಿತು. 2021ರಲ್ಲಿ ಕ್ಲಬ್ಬಿನ ಸಾಲ 135 ಕೋಟಿ ಯೂರೊ ಎಂದು ಅದರ ಅಧ್ಯಕ್ಷರೇ ತಿಳಿಸಿದರು. ಆದರೂ ರೋಲರ್ ಹಾಕಿಯ ತಂಡ ಉಳಿದುಕೊಂಡಿತು. ಪರರ ಗಳಿಕೆಯ ನೆರಳಿನಲ್ಲಿ ಬಾಳುವ ಆಟಕ್ಕೆ ಕೀರ್ತಿಯಿದ್ದರೂ ಪೂರ್ಣ ಅಭಯವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಬೆಂಗಳೂರಿಗೂ ಇಂಥ ಆಶ್ರಯ ಹೊಸದಲ್ಲ. ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡಗಳನ್ನು ಕಟ್ಟಿದ್ದುವು. ಭಾರತದ ರಾಷ್ಟ್ರೀಯ ಸ್ಕೇಟಿಂಗ್ ಸ್ಪರ್ಧೆಗಳಲ್ಲಿ ರೋಲರ್ ಹಾಕಿಯೂ ಸೇರಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ನಮ್ಮ ಸ್ಕೇಟಿಂಗ್ ರಿಲೇ ತಂಡಗಳು ಎರಡು ಕಂಚಿನ ಪದಕಗಳನ್ನೂ ತಂದುವು. ಆದರೂ ಹತ್ತನೆಯ ತರಗತಿ ಬಂದೊಡನೆ ಎಷ್ಟೋ ಮಕ್ಕಳ ಸ್ಕೇಟುಗಳು ಅಟ್ಟ ಸೇರುತ್ತವೆ. “ಇದರಿಂದ ಅನ್ನ ಹುಟ್ಟೀತೆ?” ಎಂದು ತಂದೆತಾಯಿಗಳು ಕೇಳುವುದು ತಪ್ಪಲ್ಲ. ಅದಕ್ಕೆ ಮಕ್ಕಳು ಉತ್ತರ ಹೇಳಲಾರರು. ನುಣುಪಾದ ಒಂದು ಅಂಗಣ, ಒಬ್ಬ ಗುರು, ತಿಂಗಳು ತಿಂಗಳು ತಪ್ಪದ ವೇತನ, ಇವನ್ನು ಒದಗಿಸಿ ಉತ್ತರ ಹೇಳಬೇಕಾದವರು ಊರಿನ ಸಂಘಸಂಸ್ಥೆಗಳು.