ದಬ್ಬೆ ಬೇಲಿ, ಉಣುಗೋಲು ಮತ್ತು ಒಬ್ಬ ಅಜ್ಜ

ತೀರ್ಥಹಳ್ಳಿ, ಹೊಸನಗರದ ಒಳದಾರಿಗಳಲ್ಲಿ ಎಷ್ಟೋ ಕಡೆ ಮನೆಗಿಂತ ಮೊದಲು ಕಾಣಿಸುವುದು ಹಿತ್ತಿಲ ಬೇಲಿ. ಅಡಿಕೆ ದಬ್ಬೆಯದು. ಒಂದು ದಬ್ಬೆ ಇನ್ನೂ ಹಳದಿಗಂದು, ಪಕ್ಕದ್ದು ಕಡುಗಂದು, ಅದರಾಚೆಯದು ಪೂರ್ತಿ ಬೂದು. ಗೂಟದ ನೆತ್ತಿಯಲ್ಲಿ ಕಲ್ಲುಹೂವು, ಬುಡದಲ್ಲಿ ಪಾಚಿ, ಮೈಮೇಲೆ ಹೀರೆಯದೋ ಹಾಗಲದ್ದೋ ಬಳ್ಳಿ. ಪೇಟೆಯಿಂದ ಬಂದವರು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಹಾಗೇ ಬಿಟ್ಟಿದ್ದಕ್ಕೆ ಎಷ್ಟು ಚೆಂದವಾಗಿದೆ ನೋಡಿ ಅನ್ನುತ್ತಾರೆ.

ಹಾಗೇ ಬಿಟ್ಟರೆ ಈ ಬೇಲಿ ಮೂರು ಮಳೆಗಾಲಕ್ಕೆ ನೆಲ ಹಿಡಿಯುತ್ತದೆ. ಆಗುಂಬೆ ಇರುವುದು ಇದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಅಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಇಂಥ ಸೀಮೆಯಲ್ಲಿ ಮರದ ಬೇಲಿಯೊಂದು ಇಪ್ಪತ್ತು ವರ್ಷದಿಂದ ನಿಂತಿದೆ ಎಂದರೆ ವರ್ಷವರ್ಷವೂ ಯಾರೋ ಅದಕ್ಕೆ ಕೈ ಹಚ್ಚಿದ್ದಾರೆ ಎಂದೇ ಅರ್ಥ.

ಆ ಕೈಗಳಲ್ಲೊಂದನ್ನು ನೋಡಲೆಂದೇ ನಾನು ಹೋಗಿದ್ದು. ಎಪ್ಪತ್ತು ದಾಟಿದ ಅಜ್ಜ. ಹೆಸರು ಹಾಕಬೇಡಿ ಎಂದು ಮೊದಲೇ ಹೇಳಿಬಿಟ್ಟರು. ಹಾಕಿದರೆ ಎಲ್ಲರೂ ಕರೆಯುತ್ತಾರೆ, ಇಲ್ಲ ಅನ್ನಲು ಬಾಯಿ ಬರುವುದಿಲ್ಲ, ಬಗ್ಗಲು ಸೊಂಟ ಬರುವುದಿಲ್ಲವಂತೆ. ಮುಂಗಾರು ಹಿಡಿಯುವ ಮೊದಲು, ಮಳೆಗಾಲದ ತರಕಾರಿಗೆ ಅಗೆತ ಶುರುವಾಗುವ ಹೊತ್ತಿಗೆ, ಸುತ್ತಿನ ನಾಲ್ಕಾರು ಮನೆಗಳ ಬೇಲಿಯನ್ನು ಅವರೇ ನೋಡಬೇಕು. ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಕತ್ತಿಯ ಬೆನ್ನಿನಿಂದ ಪ್ರತಿ ಗೂಟದ ಬುಡಕ್ಕೂ ಒಂದೊಂದು ಪೆಟ್ಟು ಹಾಕುತ್ತಾ ಬೇಲಿಯುದ್ದಕ್ಕೂ ನಡೆಯುತ್ತಾರೆ. ಟಣ್ ಅಂದರೆ ಮುಂದೆ. ಬೊದ್ ಅಂದರೆ ಅಲ್ಲೇ ನಿಂತು ಮಣ್ಣು ಕೆದಕುತ್ತಾರೆ.

"ಬೇಲಿ ಸಾಯೋದು ಮೇಲಿಂದ ಅಲ್ಲ ಮಾರಾಯ್ರೆ, ಬುಡದಿಂದ. ನೆಲಕ್ಕಿಂತ ನಾಕು ಬೆರಳು ಮೇಲೆ, ನಾಕು ಬೆರಳು ಕೆಳಗೆ. ಅಷ್ಟು ನೋಡ್ಕಂಡ್ರೆ ಆಯ್ತು."

ಮರ ಲಡ್ಡಾಗಲು ಶಿಲೀಂಧ್ರ ಬೇಕು. ಅದು ಬೆಳೆಯಲು ಮರದ ತೇವಾಂಶ ಶೇ 20 ಮೀರಬೇಕು, ಜೊತೆಗೆ ಗಾಳಿಯೂ ಆಡಬೇಕು. ಗೂಟದ ಮೇಲ್ಭಾಗ ಬಿಸಿಲಿಗೆ ಒಣಗುತ್ತದೆ. ತೀರಾ ಆಳದಲ್ಲಿ ತೇವವಿದ್ದರೂ ಗಾಳಿ ಸಾಲದು. ಎರಡೂ ಒಟ್ಟಿಗೆ ಸಿಗುವ ಜಾಗ ನೆಲಮಟ್ಟ, ಅಜ್ಜನ ಎಂಟು ಬೆರಳು. ಗೆದ್ದಲು ಹತ್ತುವುದೂ ಅಲ್ಲಿಂದಲೇ.

ಬೂದು ಬಣ್ಣದ ಕತೆ ಬೇರೆ. ಮರದ ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಬಿಸಿಲಿನ ಅತಿನೇರಳೆ ಕಿರಣಕ್ಕೆ ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಉಳಿದ ಬಿಳಿಚು ನಾರಿನ ಮೇಲೆ ಸಣ್ಣ ಬೂಷ್ಟು ಕೂತು ಬೂದು ಬಣ್ಣ ಬರುತ್ತದೆ. ಇದು ಮೇಲ್ಮೈಯ ವ್ಯವಹಾರ ಮಾತ್ರ. ತಂಪು ದೇಶಗಳ ಮೆದುಮರಗಳು ಹೀಗೆ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿ.ಮೀ. ಎಂದು ಮರವಿಜ್ಞಾನದವರು ಲೆಕ್ಕ ಹಾಕಿದ್ದಾರೆ. ಬೂದಾದ ದಬ್ಬೆಯನ್ನು ಕಂಡು ಹಾಳಾಯಿತು ಎಂದು ಬಣ್ಣ ಬಳಿಯುವವರಿಗೆ ಅಜ್ಜ ಬಯ್ಯುವುದು ಸುಮ್ಮನೆ ಅಲ್ಲ. ಬಣ್ಣ ಬಿರುಕು ಬಿಟ್ಟು ಅದರೊಳಗೆ ನೀರು ನಿಂತರೆ ಮರ ಇನ್ನೂ ಬೇಗ ಹೋಗುತ್ತದೆ.

ಅಜ್ಜ ಇಡೀ ಬೇಲಿಯನ್ನು ಯಾವತ್ತೂ ಬದಲಿಸುವುದಿಲ್ಲ. ಬೊದ್ ಅಂದ ಗೂಟ, ಕೈಯಲ್ಲಿ ಅಲ್ಲಾಡಿಸಿದರೆ ಕಳಚುವ ದಬ್ಬೆ, ಇಷ್ಟೇ ಬದಲಾಗುವುದು. ಹಾಗಾಗಿ ಒಂದೇ ಸಾಲಿನಲ್ಲಿ ಈ ವರ್ಷದ್ದು, ಹೋದ ವರ್ಷದ್ದು, ಅದರ ಹಿಂದಿನದು ಪಕ್ಕಪಕ್ಕ ನಿಲ್ಲುತ್ತವೆ. ದಾರಿಹೋಕರ ಕ್ಯಾಮೆರಾಕ್ಕೆ ಸಿಗುವ ಬಣ್ಣಗಳ ಏರಿಳಿತ ಇಂಥ ರಿಪೇರಿಯ ಫಲ. ಬೆಂಗಳೂರಿನ ಕೆಲವು ರೆಸಾರ್ಟುಗಳಲ್ಲಿ ಸಿಮೆಂಟಿನಲ್ಲೇ ಗಂಟು, ತೊಗಟೆ, ಬಿರುಕು ಎಲ್ಲ ಮೂಡಿಸಿ ಕಂದು ಬಣ್ಣ ಬಳಿದ 'ಮರದ' ಬೇಲಿ ನೋಡಿದ್ದೇನೆ. ಬಿರುಕು ಕೂಡ ಅಳತೆ ತಪ್ಪದೆ ಪ್ರತಿ ಕಂಬದಲ್ಲೂ ಒಂದೇ ಕಡೆ ಇರುತ್ತದೆ!

ದಬ್ಬೆ ತಯಾರಿಯ ವಿಷಯ ಕೇಳಿದರೆ ಅಜ್ಜನಿಗೆ ಅಷ್ಟು ಉತ್ಸಾಹವಿಲ್ಲ, ಅದೇನು ಹೇಳುವಂಥದ್ದು ಅನ್ನುವ ಮುಖ. ಅಡಿಕೆ ಮರದ ಗಟ್ಟಿತನವೆಲ್ಲ ಹೊರಗಿನ ಸುತ್ತಿನಲ್ಲಿ, ಒಳಗೆ ಬರೀ ಮೆತ್ತನೆ ನಾರು. ಮುದಿ ಮರ ಕಡಿದು, ಸೀಳಿ, ಒಳಗಿನದನ್ನು ಕೆತ್ತಿ ತೆಗೆದು ಒಣಗಿಸಿದರೆ ದಬ್ಬೆ. ಎಳೆ ಮರದ್ದು ಆಗದು. ಗೂಟಕ್ಕೆ ಜಂಬೆ, ಕರಿಮತ್ತಿಯ ಚೇಗು ಸಿಕ್ಕರೆ ಪುಣ್ಯ. ಈಗ ಹೆಚ್ಚಾಗಿ ಅಕೇಶಿಯಾ. ಬುಡಕ್ಕೆ ಗೇರೆಣ್ಣೆ. ಕೆಲವರು ಬುಡ ಸುಟ್ಟು ನೆಡುತ್ತಾರೆ, ಅಜ್ಜನಿಗೆ ಅದರಲ್ಲಿ ನಂಬಿಕೆ ಕಡಿಮೆ. ಅಡ್ಡಗಳುವಿಗೆ ಬಿದಿರು, ಅದನ್ನು ಬೆಳದಿಂಗಳ ದಿನಗಳಲ್ಲಿ ಕಡಿಯಬಾರದು, ಹುಳ ಹೊಡೆಯುತ್ತದೆ. ಮುಗಿಯಿತು.

ಮಾತು ಉಣುಗೋಲಿಗೆ ಬಂದಾಗ ಮಾತ್ರ ಅಜ್ಜ ಕೂತಲ್ಲಿಂದ ಎದ್ದರು.

ಉಣುಗೋಲು ಎಂದರೆ ಬೇಲಿಯ ಬಾಗಿಲು, ತಿರುಗಣಿಯಿಲ್ಲದ್ದು, ಮೊಳೆಯಿಲ್ಲದ್ದು. ದಾರಿಯ ಎರಡು ಪಕ್ಕ ಎರಡು ದಪ್ಪ ಕಂಬ. ಎರಡರಲ್ಲೂ ಒಂದರ ಮೇಲೊಂದು ತೂತು. ಆ ತೂತುಗಳಲ್ಲಿ ಅಡ್ಡಡ್ಡ ತೂರಿಸಿದ ಗಳುಗಳು. ಒಳಗೆ ಬರಬೇಕಾದರೆ ಗಳುವನ್ನು ಒಂದು ಪಕ್ಕಕ್ಕೆ ಜಾರಿಸಬೇಕು, ಬಂದ ಮೇಲೆ ಮತ್ತೆ ಎಳೆದು ಕೂರಿಸಬೇಕು. ಒಂದು ಕಂಬದ ತೂತು ಆಚೆಯಿಂದೀಚೆಗೆ ತೂರಿರುತ್ತದೆ, ಇನ್ನೊಂದು ಕಂಬದ್ದು ಅರ್ಧಕ್ಕೇ ನಿಲ್ಲುತ್ತದೆ. ಎರಡೂ ತೂರಿದ್ದರೆ ದನ ಕೊಂಬಿನಿಂದ ತಳ್ಳಿ ತೆಗೆಯುತ್ತದೆ, ಅದಕ್ಕೆ ಅಷ್ಟು ಬುದ್ಧಿ ಇದೆ ಎನ್ನುತ್ತಾರೆ ಅಜ್ಜ. ಕೆಳಗಿನ ಗಳು ಮೊಣಕಾಲಿಗಿಂತ ಕೆಳಗೆ ಬರಬೇಕು: ಕೋಳಿ ನುಸುಳಿದರೂ ಕರು ನುಸುಳಬಾರದು. ಮೇಲಿನದು ಎದೆಮಟ್ಟ. ತೂತು ಗಳುವಿಗಿಂತ ತುಸು ದೊಡ್ಡದಿರಬೇಕು, ಮಳೆಗೆ ಗಳು ಉಬ್ಬಿದಾಗ ಕಚ್ಚಿಕೊಳ್ಳಬಾರದು. ತೀರಾ ದೊಡ್ಡದಾದರೆ ರಾತ್ರಿ ಗಾಳಿಗೆ ಕಟಕಟ ಸದ್ದು. ತೂತಿನ ತಳಕ್ಕೆ ಉಳಿಯಿಂದ ಹೊರಮುಖವಾಗಿ ಓರೆ ಕೊಡಬೇಕು, ನೀರು ನಿಲ್ಲದ ಹಾಗೆ. ಈ ಓರೆಯನ್ನು ಅವರು ಬೆರಳು ಹಾಕಿ ಮುಟ್ಟಿಸಿ ತೋರಿಸಿದರು. ಕಣ್ಣಿಗೆ ಅದು ಕಾಣುವುದೇ ಇಲ್ಲ.

ಅವರೇ ಕೆತ್ತಿದ ಒಂದು ಹಳೇ ಜೋಡಿ ಕಂಬ ಅವರು ನೋಡಿಕೊಳ್ಳುವ ಒಂದು ಮನೆಯ ಹಿತ್ತಿಲಲ್ಲಿತ್ತು. ಕಂಬದ ಮೈಯೆಲ್ಲ ಬೂದು, ಉದ್ದುದ್ದ ಸೀಳು. ತೂತಿನ ಅಂಚು ಮಾತ್ರ ಗಳು ಉಜ್ಜಿ ಉಜ್ಜಿ ಕಪ್ಪಗೆ ಹೊಳೆಯುತ್ತಿತ್ತು. ಗಳುವಿನ ತುದಿಯಲ್ಲಿ, ಕೈ ಹಿಡಿಯುವ ಒಂದು ಗೇಣಿನಷ್ಟು ಜಾಗದಲ್ಲಿ, ಬೂದು ಬಣ್ಣ ಹತ್ತಿರಲೇ ಇಲ್ಲ. ಮನೆಯಾಕೆ ದಿನಾ ಬೆಳಗ್ಗೆ ಸಂಜೆ ದನ ಬಿಡಲು, ಕಟ್ಟಲು ಅದನ್ನೇ ಹಿಡಿದು ಎಳೆದವರು.

ಬೇಲಿಯ ಇತಿಹಾಸ ಕೇಳಿದರೆ ಸಿಗುವುದು ದನದ ಜಗಳಗಳ ಇತಿಹಾಸ. ಬೇಲಿ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆಯುತ್ತಿದ್ದರು, ಒಡೆಯ ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕಿತ್ತು. ಬ್ರಿಟಿಷರು ಅದಕ್ಕೆಂದೇ 1871ರಲ್ಲಿ ಜಾನುವಾರು ಅತಿಕ್ರಮಣ ಕಾಯ್ದೆ ಮಾಡಿದ್ದರು. ಮೂರು ವರ್ಷದ ನಂತರ ಅಮೆರಿಕದ ಇಲಿನಾಯ್‌ನ ರೈತ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಆ ತಂತಿ ಮಲೆನಾಡಿನ ಹಿತ್ತಿಲು ತಲುಪಿದ್ದು ಬಹಳ ತಡವಾಗಿ; ಅಲ್ಲಿಯವರೆಗೆ ಬೆಟ್ಟದ ಗೂಟ, ತೋಟದ ದಬ್ಬೆ, ಕಾಡಿನ ಬಳ್ಳಿ ಸಾಕಾಗುತ್ತಿತ್ತು.

ಬೇಲಿಯ ಒಕ್ಕಲುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುವ ಗಾದೆಯ ಓತಿಕ್ಯಾತ ಇದ್ದೇ ಇದೆ. ಒಣಗಿದ ಬಿದಿರಿಗೆ ದುಂಡಗೆ ತೂತು ಕೊರೆದು ಮೊಟ್ಟೆಯಿಡುವ ಕರಿ ದುಂಬಿಗಳಿವೆ. ಬೂದಾದ ಮರದ ಸಡಿಲ ನಾರನ್ನು ಕೆರೆದು, ಅಗಿದು, ಕಾಗದದಂಥ ಗೂಡು ಕಟ್ಟುವ ಕಣಜಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಇಂಥ ಕಣಜಗಳ ಸಂಸಾರವನ್ನು ದಶಕಗಟ್ಟಲೆ ಅಭ್ಯಸಿಸಿದವರು. ಕೆಲವು ಮನೆಗಳಲ್ಲಿ ಗೂಟಕ್ಕೆ ಸೀತಾಳೆ ಕಟ್ಟಿರುತ್ತಾರೆ. ಮಳೆಗೆ ಮುಂಚೆ ಅದು ಗೊಂಚಲು ಬಿಟ್ಟಾಗ ಗೂಟದ ಲೆಕ್ಕವೇ ಮರೆತುಹೋಗುತ್ತದೆ.

ಆದರೆ ಊರಿನಲ್ಲಿ ಬೇಲಿಯ ಮಾತು ತೆಗೆದರೆ ಸೌಂದರ್ಯದ ಚರ್ಚೆ ಯಾರಿಗೂ ಬೇಕಿಲ್ಲ. ದಬ್ಬೆ ಬೇಲಿ ದನಕ್ಕೆ ತಡೆ, ಮಂಗಕ್ಕೆ ಅಲ್ಲ. ಹಂದಿ ಅಡಿಯಿಂದ ನುಗ್ಗುತ್ತದೆ, ಕಾಡುಕೋಣ ಹಾಗೇ ತುಳಿದುಕೊಂಡು ಬರುತ್ತದೆ. ಬಿಟ್ಟು ಮೇಯಿಸುವ ದನಗಳೇ ಕಡಿಮೆಯಾಗಿ, ಯಾರಿಗಾಗಿ ಬೇಲಿಯೋ ಅವೇ ಇಲ್ಲವಾಗಿವೆ. ಸೋಲಾರ್ ಬೇಲಿ, ಕಬ್ಬಿಣದ ಮೆಶ್ ಹಾಕಿಸುವವರನ್ನು ದೂರಲು ನನಗೆ ಮನಸ್ಸಿಲ್ಲ. ಒಂದು ರಾತ್ರಿಯಲ್ಲಿ ಎಳೆ ತೋಟ ಕಳೆದುಕೊಂಡವರಿಗೆ ಕಲ್ಲುಹೂವಿನ ವರ್ಣನೆ ಮಾಡುವುದು ಹೇಗೆ? ಇನ್ನೊಂದು ವಿಪರ್ಯಾಸ: ಎಲೆಚುಕ್ಕಿ ರೋಗಕ್ಕೆ ಅಡಿಕೆ ಮರಗಳು ಹೋದ ತೋಟಗಳಲ್ಲಿ ಕಡಿದು ಹಾಕಿದ ಮರಕ್ಕೆ ಬರವಿಲ್ಲ, ಸೀಳುವ ಕೈಗೆ ಬರ.

ಹಾಗಂತ ತೋಟದ ಬೇಲಿಯೂ ಹಿತ್ತಿಲ ಬೇಲಿಯೂ ಒಂದೇ ಆಗಬೇಕಿಲ್ಲ. ಹತ್ತು ಸೌತೆ ಬಳ್ಳಿ, ನಾಲ್ಕು ಸಾಲು ಬೆಂಡೆ, ಒಂದು ಬಸಳೆ ಚಪ್ಪರಕ್ಕೆ ಕೋಳಿ, ಕರುವಿನಿಂದ ಕಾವಲಿದ್ದರೆ ಸಾಕು. ಅಜ್ಜ ನೋಡಿಕೊಳ್ಳುವ ಮನೆಗಳಲ್ಲಿ ಒಂದು ಈ ಬೇಸಿಗೆ ಸುತ್ತಲೂ ಮೆಶ್ ಹಾಕಿಸುತ್ತಿದೆ. ಉಣುಗೋಲಿನ ಜಾಗ ಮಾತ್ರ ಬಿಡಬೇಕೆಂದು ಮನೆಯಾಕೆ ಹಟ ಹಿಡಿದಿದ್ದಾರೆ. ಮೆಶ್ ಕಟ್ಟುವ ಹುಡುಗರು, ಗೇಟು ಬೇಡ್ವಾ ಅಮ್ಮ ಎಂದು ಎರಡೆರಡು ಸಲ ಕೇಳಿ ಹೋದರಂತೆ. ಕಂಬ ಇನ್ನೂ ಹತ್ತು ವರ್ಷ ತಾಳುತ್ತದೆ, ಗಳುಗಳನ್ನು ಆಗಾಗ ಬದಲಿಸುತ್ತಿರಬೇಕು ಎಂದು ಅಜ್ಜ ಹೇಳಿದರು. ಆಮೇಲೆ ಯಾರು ಬದಲಿಸುತ್ತಾರೆ ಎಂದು ಕೇಳಿದ್ದಕ್ಕೆ, ನಿಮಗೆ ಕತ್ತಿ ಹಿಡಿದು ಅಭ್ಯಾಸ ಉಂಟಾ ಎಂದು ನನ್ನನ್ನೇ ಕೇಳಿದರು.